ರೋಗಿಯ ಪಥ್ಯವೂ ನಮ್ಮ ಹಲಾಲ್-ಹರಾಮ್ ಮಾತುಗಳೂ

ಫಜ್ರ್ ನಮಾಝಿಗೆಂದು ಎದ್ದ ನಮ್ಮ ಮನೆಯವರು ವುಝೂವಿಗೆ ನಲ್ಲಿ ತಿರುಗಿಸಲಾಗದೆ ನಮ್ಮನ್ನು ಕೂಗಿ ಕರೆದ ದಿನ, ಅದು ಕೆಲಸದ ಆಯಾಸವೆಂದೇ ನಾವು ಭಾವಿಸಿದ್ದೆವು. ಬೆರಳುಗಳ ಗಂಟುಗಳು ಊದಿಕೊಂಡಿದ್ದವು. ಬಿಸಿಲೇರಿದ ಮೇಲೆ ಕೈ ತುಸು ಸಡಿಲವಾಗುತ್ತಿತ್ತು, ಮರುದಿನ ಮುಂಜಾನೆ ಮತ್ತೆ ಅದೇ ಬಿಗಿತ. ಎಣ್ಣೆ ತಿಕ್ಕಿದೆವು, ಓದಿ ಊದಿದ ನೀರು ಕುಡಿಸಿದೆವು, ಅಂಗಡಿಯಿಂದ ನೋವಿನ ಮಾತ್ರೆ ತಂದೆವು. ನಾಲ್ಕು ತಿಂಗಳು ಹೀಗೆಯೇ ಕಳೆದವು. ಕೊನೆಗೆ ತಜ್ಞ ವೈದ್ಯರು ರಕ್ತ ಪರೀಕ್ಷೆ ಮಾಡಿಸಿ, ಇದು ರುಮಟಾಯ್ಡ್ ಸಂಧಿವಾತ ಎಂದರು.

ಕಾಯಿಲೆಯ ಸ್ವರೂಪವನ್ನು ವೈದ್ಯರು ಸರಳವಾಗಿ ತಿಳಿಸಿದರು. ರೋಗಾಣುಗಳೊಂದಿಗೆ ಹೋರಾಡಲೆಂದು ಅಲ್ಲಾಹನು ಶರೀರದೊಳಗೆ ಇರಿಸಿರುವ ಕಾವಲು ವ್ಯವಸ್ಥೆಯು ದಾರಿ ತಪ್ಪಿ, ಕೀಲುಗಳ ಒಳಪೊರೆಯನ್ನೇ ಶತ್ರುವೆಂದು ಬಗೆದು ಅದರ ಮೇಲೆ ಎರಗುತ್ತದೆ. ಥೈರಾಯ್ಡ್ ಗ್ರಂಥಿಯ ಮೇಲೆ ಎರಗಿದರೆ ಒಂದು ಕಾಯಿಲೆ, ಚರ್ಮದ ಮೇಲಾದರೆ ಸೋರಿಯಾಸಿಸ್, ಹಲವು ಅಂಗಗಳ ಮೇಲಾದರೆ ಲೂಪಸ್. ಹೆಸರು ಬೇರೆಯಾದರೂ ಮೂಲ ಒಂದೇ: ಕಾವಲುಗಾರನೇ ಮನೆಯನ್ನು ಮುರಿಯುವುದು. ರುಮಟಾಯ್ಡ್ ಸಂಧಿವಾತ ಪುರುಷರಿಗಿಂತ ಸ್ತ್ರೀಯರಿಗೆ ಎರಡು ಮೂರು ಪಟ್ಟು ಹೆಚ್ಚಾಗಿ ಬರುತ್ತದೆ. ಆದ್ದರಿಂದ ನಾವು ಇಲ್ಲಿ ಬರೆಯುತ್ತಿರುವುದು ಮುಖ್ಯವಾಗಿ ನಮ್ಮ ಮನೆಗಳ ಅಡುಗೆಮನೆಯಲ್ಲಿ ನಿಂತಿರುವ ತಾಯಂದಿರ, ಮಡದಿಯರ, ಸಹೋದರಿಯರ ಕುರಿತು.

ಔಷಧಿ ಆರಂಭವಾಯಿತು. ಜೊತೆಗೆ, ಅದೇ ವೈದ್ಯರ ಒಪ್ಪಿಗೆ ಪಡೆದು, ಆಹಾರ ತಜ್ಞೆಯೊಬ್ಬರ ಮಾರ್ಗದರ್ಶನದಲ್ಲಿ ನಮ್ಮ ಮನೆಯವರು ಒಂದು ಪಥ್ಯವನ್ನು ಕೈಗೊಂಡರು. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಧಾನ್ಯ, ಬೇಳೆ, ಸೊಪ್ಪು, ತರಕಾರಿ, ಹಣ್ಣು ಮಾತ್ರ. ಕೆಲವು ವಾರಗಳ ನಂತರ ಸಸ್ಯಾಹಾರದೊಳಗೂ ಗೋಧಿ, ಸೋಯಾ, ಟೊಮೇಟೊ, ಈರುಳ್ಳಿ, ಆಲೂಗಡ್ಡೆ, ನಿಂಬೆ-ಕಿತ್ತಳೆ, ಗೋಡಂಬಿಯಂತಹ ಬೀಜಗಳು, ಬಾಳೆಹಣ್ಣು, ಕಾಫಿ, ಸಕ್ಕರೆಗಳನ್ನು ಸ್ವಲ್ಪ ಕಾಲ ಕೈಬಿಡಬೇಕು. ಆಮೇಲೆ ಒಂದೊಂದನ್ನೇ, ನಡುವೆ ಕೆಲವು ದಿನಗಳ ಅಂತರವಿಟ್ಟು ಮರಳಿ ತಿಂದು ನೋಡಬೇಕು. ಯಾವುದನ್ನು ತಿಂದಾಗ ಕೀಲುಗಳು ಮತ್ತೆ ಬಿಗಿಯುತ್ತವೆಯೋ ಅದನ್ನು ಬಿಡಬೇಕು, ಉಳಿದುದನ್ನು ಉಣ್ಣಬೇಕು. ಶೋಧಿಸಿ ತೆಗೆಯುವ ಪಥ್ಯ ಎನ್ನೋಣ.

ಇಲ್ಲಿ ನಾವು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಮದ್ರಸದಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿದ ನಾಲಿಗೆಗೆ ವಚನಗಳು ಬೇಗ ಒದಗುತ್ತವೆ. ಅವನ್ನು ಎಲ್ಲಿ ಅನ್ವಯಿಸಬೇಕೆಂಬ ವಿವೇಕ ಅಷ್ಟು ಬೇಗ ಒದಗುವುದಿಲ್ಲ. ಪಥ್ಯದ ಪಟ್ಟಿಯನ್ನು ಕಂಡ ದಿನ ನಾವು ಸೂರಃ ಅತ್ತಹ್ರೀಮ್‌ನ ಆರಂಭವನ್ನು ಅವರ ಮುಂದೆ ಓದಿದೆವು. ಅಲ್ಲಾಹನು ಧರ್ಮಸಮ್ಮತಗೊಳಿಸಿದ್ದನ್ನು ನೀವೇಕೆ ನಿಷಿದ್ಧಗೊಳಿಸಿಕೊಳ್ಳುತ್ತೀರಿ ಎಂಬ ಅರ್ಥದ ಪ್ರಶ್ನೆ ಅದರಲ್ಲಿದೆ. ಅವರು ಏನೂ ಹೇಳಲಿಲ್ಲ. ಪಟ್ಟಿಯನ್ನು ಮಡಚಿ ಸಾರಿನ ಪುಡಿಯ ಡಬ್ಬಿಯ ಹಿಂದೆ ಇರಿಸಿದರು. ಆ ರಾತ್ರಿ ತಫ್ಸೀರ್ ಗ್ರಂಥಗಳನ್ನು ತೆರೆದು ಕುಳಿತಾಗ ನಮಗೆ ನಾಚಿಕೆಯಾಯಿತು.

ಏಕೆಂದರೆ ಆ ವಚನದ ಹಿನ್ನೆಲೆ ಕಾಯಿಲೆಯಲ್ಲ. ಆಯಿಶಾ(ರ)ರಿಂದ ವರದಿಯಾಗಿರುವ ಪ್ರಸಿದ್ಧ ಹದೀಸ್‌ನ ಪ್ರಕಾರ, ಪತ್ನಿಯರ ಮನಸ್ಸನ್ನು ಮೆಚ್ಚಿಸಲೆಂದು ಪ್ರವಾದಿ(ಸ)ರವರು ಇನ್ನು ಜೇನು ಸೇವಿಸುವುದಿಲ್ಲವೆಂದು ಶಪಥ ಮಾಡಿದ್ದರು. ಸೂರಃ ಅಲ್‌ಮಾಇದಃದ 87ನೇ ವಚನವೂ ಹೀಗೆಯೇ. ಆರಾಧನೆಯ ಹುಮ್ಮಸ್ಸಿನಲ್ಲಿ ಇನ್ನು ವಿವಾಹವಾಗುವುದಿಲ್ಲ, ಹಾಸಿಗೆಯ ಮೇಲೆ ಮಲಗುವುದಿಲ್ಲ, ಮಾಂಸ ತಿನ್ನುವುದಿಲ್ಲ ಎಂದು ಕೆಲವು ಸಹಾಬಿಗಳು ನಿರ್ಧರಿಸಿದಾಗ ಪ್ರವಾದಿವರ್ಯರು ಅವರನ್ನು ತಡೆದರು. ಅಂತಹ ಮನೋಭಾವದ ಕುರಿತೇ ಆ ವಚನವೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಅವರು ಬಿಡಲು ಹೊರಟದ್ದು ಪುಣ್ಯಕ್ಕಾಗಿ, ದೇವನಿಗೆ ಇನ್ನಷ್ಟು ಹತ್ತಿರವಾಗಲೆಂದು. ಬೆರಳು ಮಡಚಲಾಗದ ಒಬ್ಬ ಸ್ತ್ರೀ ಕೀಲುನೋವಿನ ಕಾರಣಕ್ಕೆ ಕುರಿಮಾಂಸವನ್ನು ಬದಿಗಿರಿಸಿದರೆ, ಅದನ್ನು ಇದರ ಸಾಲಿಗೆ ಸೇರಿಸುವುದು ಅನ್ಯಾಯ. ಬಿಡುವುದು ಬೇರೆ, ನಿಷಿದ್ಧಗೊಳಿಸುವುದು ಬೇರೆ. ಮಾಂಸ ಹಲಾಲ್ ಎಂದು ನಂಬುತ್ತಲೇ ಒಬ್ಬರು ಅದನ್ನು ತಿನ್ನದಿರಬಹುದು.

ಒಂದು ಎಚ್ಚರಿಕೆಯನ್ನು ಮಾತ್ರ ಹೇಳಬೇಕು. ಇನ್ನು ಜೀವಮಾನದಲ್ಲಿ ಮಾಂಸ ಮುಟ್ಟುವುದಿಲ್ಲವೆಂದು ಅಲ್ಲಾಹನ ಹೆಸರಿನಲ್ಲಿ ಆಣೆ ಮಾಡಬೇಡಿ. ಮಾಡಿ ಮುರಿದರೆ ಪ್ರಾಯಶ್ಚಿತ್ತವಿದೆ: ಹತ್ತು ಮಂದಿ ಬಡವರಿಗೆ ಆಹಾರ ಅಥವಾ ಉಡುಪು, ಅದು ಸಾಧ್ಯವಾಗದಿದ್ದರೆ ಮೂರು ದಿನಗಳ ಉಪವಾಸ. ಪಥ್ಯಕ್ಕೆ ಆಣೆಯ ಅಗತ್ಯವೇ ಇಲ್ಲ. ಇವತ್ತು ಬಿಟ್ಟದ್ದನ್ನು ಮೂರು ತಿಂಗಳ ನಂತರ ತಿಂದು ನೋಡಬೇಕಾಗಿರುವುದೇ ಈ ವಿಧಾನದ ಕ್ರಮ.

ಪವಿತ್ರ ಕುರ್‌ಆನ್‌ನಲ್ಲಿ ನಾವು ಓದಬೇಕಾಗಿದ್ದ ವಚನ ಬೇರೊಂದು ಕಡೆ ಇತ್ತು, ಸೂರಃ ಆಲಿ ಇಮ್ರಾನ್‌ನ 93ರಲ್ಲಿ. ತೌರಾತ್ ಅವತೀರ್ಣಗೊಳ್ಳುವ ಮುನ್ನ ಇಸ್ರಾಈಲ್, ಅಂದರೆ ಪ್ರವಾದಿ ಯಾಕೂಬ್(ಅ), ತಮ್ಮ ಮಟ್ಟಿಗೆ ಒಂದು ಆಹಾರವನ್ನು ವರ್ಜಿಸಿಕೊಂಡಿದ್ದರೆಂಬ ಪ್ರಸ್ತಾಪ ಅಲ್ಲಿದೆ. ಇಬ್ನು ಅಬ್ಬಾಸ್(ರ)ರಿಂದ ವ್ಯಾಖ್ಯಾನಕಾರರು ಉಲ್ಲೇಖಿಸುವ ವರದಿಯ ಪ್ರಕಾರ, ಅವರಿಗೆ ಸೊಂಟದಿಂದ ಕಾಲಿಗೆ ಇಳಿಯುವ ನರದ ತೀವ್ರ ನೋವಿತ್ತು. ರಾತ್ರಿಯೆಲ್ಲ ನಿದ್ದೆ ಬರುತ್ತಿರಲಿಲ್ಲ. ಅವರು ಬಿಟ್ಟದ್ದು ತಮಗೆ ಅತ್ಯಂತ ಪ್ರಿಯವಾಗಿದ್ದ ಒಂಟೆಯ ಮಾಂಸವನ್ನು. ಆದರೆ ಮುಂದೆ ಏನಾಯಿತು? ಆ ಮಹನೀಯರ ಸಂತತಿಯವರು ತಾವೂ ಅದನ್ನು ಬಿಟ್ಟರು, ಬರಬರುತ್ತಾ ಅದು ದೇವನ ಶಾಸನವೇ ಎಂದು ಸಾಧಿಸತೊಡಗಿದರು. ಆ ವಾದವನ್ನು ಕುರ್‌ಆನ್ ತಳ್ಳಿಹಾಕುತ್ತದೆ. ರೋಗಿಯೊಬ್ಬ ತನಗಾಗಿ ಬಿಡುವುದನ್ನು ಆ ವಚನ ಆಕ್ಷೇಪಿಸುವುದಿಲ್ಲ. ಒಬ್ಬನ ಪಥ್ಯವನ್ನು ಇಡೀ ಸಮುದಾಯದ ಶರೀಅತ್ ಮಾಡುವುದನ್ನು ಮಾತ್ರ ನಿರಾಕರಿಸುತ್ತದೆ. ಈ ಮಾತಿಗೆ ಮುಂದೆ ಮರಳುತ್ತೇವೆ.

ಸುನ್ನತ್‌ನಲ್ಲಿ ಇದಕ್ಕಿಂತಲೂ ಹತ್ತಿರದ ಘಟನೆಯೊಂದಿದೆ. ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿ ಉಮ್ಮುಲ್ ಮುಂದಿರ್(ರ) ಅದನ್ನು ವರದಿ ಮಾಡುತ್ತಾರೆ. ಪ್ರವಾದಿ(ಸ)ರವರು ಅಲಿ(ರ)ರೊಡನೆ ಅವರ ಮನೆಗೆ ಬಂದಿದ್ದರು. ಅಲಿ ಆಗಷ್ಟೇ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದರು. ಮನೆಯಲ್ಲಿ ಖರ್ಜೂರದ ಗೊನೆಗಳು ತೂಗುತ್ತಿದ್ದವು. ಪ್ರವಾದಿವರ್ಯರು ತಿನ್ನತೊಡಗಿದರು, ಅಲಿಯೂ ಕೈ ಚಾಚಿದರು. ನೀವಿನ್ನೂ ನಿತ್ರಾಣದಲ್ಲಿದ್ದೀರಿ ಎಂದು ಪ್ರವಾದಿವರ್ಯರು ಅವರನ್ನು ತಡೆದರು. ಬಳಿಕ ಆ ಮಹಿಳೆ ಸೊಪ್ಪು ಮತ್ತು ಬಾರ್ಲಿಯನ್ನು ಬೇಯಿಸಿ ತಂದಾಗ, ಇದರಿಂದ ತೆಗೆದುಕೊಳ್ಳಿ, ಇದು ನಿಮಗೆ ಹೆಚ್ಚು ಹಿತಕರ ಎಂಬ ಅರ್ಥದಲ್ಲಿ ಹೇಳಿದರು. ಖರ್ಜೂರಕ್ಕಿಂತ ಹಲಾಲ್ ಆದ ವಸ್ತು ಯಾವುದಿದೆ? ಅದನ್ನೇ ಒಬ್ಬ ರೋಗಿಗೆ ಬೇಡವೆನ್ನಲಾಯಿತು, ಪಕ್ಕದಲ್ಲಿ ಕುಳಿತವರು ತಿನ್ನುತ್ತಿರುವಾಗಲೇ. ಇಮಾಮ್ ಇಬ್ನುಲ್ ಕಯ್ಯಿಮ್(ರಹ್) ತಮ್ಮ ವೈದ್ಯ ಸಂಬಂಧಿ ಬರಹದಲ್ಲಿ ಇದನ್ನು ಪಥ್ಯಕ್ಕೆ ಆಧಾರವಾಗಿ ಉಲ್ಲೇಖಿಸುತ್ತಾರೆ. ಅರಬಿಯಲ್ಲಿ ಪಥ್ಯಕ್ಕೆ ‘ಹಿಮ್ಯ’ ಎಂಬ ಪದವಿದೆ. ನೀರಿನಿಂದ ತೊಂದರೆಯಾಗುವ ರೋಗಿಗೆ ತಯಮ್ಮುಮ್‌ನ ರಿಯಾಯಿತಿ ನೀಡಿರುವುದರಲ್ಲಿಯೂ ಅವರು ಇದೇ ಹಿಮ್ಯವನ್ನು ಕಾಣುತ್ತಾರೆ. (ಹೊಟ್ಟೆಯು ರೋಗದ ಮನೆ, ಪಥ್ಯವು ಔಷಧಿಗಳಿಗೆ ಮೂಲ ಎಂಬರ್ಥದ ಮಾತೊಂದು ವಾಟ್ಸಾಪ್‌ನಲ್ಲಿ ಹದೀಸ್ ಎಂದು ಹರಿದಾಡುತ್ತಿದೆ. ಅದು ಹದೀಸ್ ಅಲ್ಲ. ಅರಬರ ವೈದ್ಯ ಹಾರಿಸ್ ಬಿನ್ ಕಲದನ ಮಾತೆಂದು ಇಬ್ನುಲ್ ಕಯ್ಯಿಮರೇ ಸ್ಪಷ್ಟಪಡಿಸಿದ್ದಾರೆ.)

ಹಾಗಾದರೆ ಈ ಪಥ್ಯದಿಂದ ಪ್ರಯೋಜನವಿದೆಯೇ? ಧಾರ್ಮಿಕ ಅನುಮತಿ ಬೇರೆ, ವೈದ್ಯಕೀಯ ಪುರಾವೆ ಬೇರೆ. ಎರಡನೆಯದನ್ನು ಮೊದಲನೆಯದರಿಂದ ಸಾಬೀತುಪಡಿಸಲಾಗದು. ನಾರ್ವೆಯ ವೈದ್ಯರು 1991ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರುಮಟಾಯ್ಡ್ ಸಂಧಿವಾತದ 53 ರೋಗಿಗಳಿದ್ದರು. ಅವರಲ್ಲಿ 27 ಮಂದಿ ಏಳರಿಂದ ಹತ್ತು ದಿನ ಗಿಡಮೂಲಿಕೆಯ ಚಹಾ, ತರಕಾರಿಯ ತಿಳಿಸಾರಿನಂತಹವುಗಳ ಮೇಲಷ್ಟೇ ಇದ್ದು, ಅನಂತರ ಮೂರೂವರೆ ತಿಂಗಳು ಗೋಧಿಯ ಗ್ಲುಟೆನ್ ಇಲ್ಲದ ಸಂಪೂರ್ಣ ಸಸ್ಯಾಹಾರ, ಬಳಿಕ ಹಾಲು ಸೇರಿದ ಸಸ್ಯಾಹಾರ ಸೇವಿಸಿದರು. ಎಂದಿನ ಆಹಾರ ಸೇವಿಸಿದವರಿಗಿಂತ ಅವರ ನೋವು, ಊತ, ಮುಂಜಾನೆಯ ಬಿಗಿತ ಕಡಿಮೆಯಾಗಿ, ಒಂದು ವರ್ಷದ ಬಳಿಕವೂ ಲಾಭ ಉಳಿದಿತ್ತು. ಇದನ್ನು ಓದಿ, ನಮ್ಮ ರಮಝಾನ್ ಉಪವಾಸವನ್ನು ವಿಜ್ಞಾನ ಒಪ್ಪಿಕೊಂಡಿತೆಂದು ಸಂಭ್ರಮಿಸುವವರಿದ್ದಾರೆ. ಅದು ನಮ್ಮ ಉಪವಾಸವಾಗಿರಲಿಲ್ಲ. ನಮ್ಮ ಉಪವಾಸಕ್ಕೆ ಆ ಪ್ರಮಾಣಪತ್ರದ ಅಗತ್ಯವೂ ಇಲ್ಲ.

2022ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ 44 ರೋಗಿಗಳಿದ್ದರು. ಅವರು ಪಾಲಿಸಿದ್ದು ನಮ್ಮ ಮನೆಯವರ ಪಥ್ಯದಂತಹದೇ: ನಾಲ್ಕು ವಾರ ಸಸ್ಯಾಹಾರ, ಮೂರು ವಾರ ಶೋಧದ ವರ್ಜನೆ, ಒಂಬತ್ತು ವಾರ ಒಂದೊಂದೇ ಆಹಾರವನ್ನು ಮರಳಿ ಸೇರಿಸುವಿಕೆ. ಪಥ್ಯದ ಅವಧಿಯಲ್ಲಿ ನೋವು ಗಣನೀಯವಾಗಿ ಇಳಿಯಿತು. ಆದರೆ ಅಧ್ಯಯನ ಚಿಕ್ಕದು; ಮಾತ್ರವಲ್ಲ, ಅದನ್ನು ನಡೆಸಿದವರು ಸಸ್ಯಾಹಾರದ ಪ್ರಚಾರಕ್ಕಾಗಿಯೇ ದುಡಿಯುವ ವೈದ್ಯರ ಸಂಸ್ಥೆಯವರು. ಅಮೆರಿಕದ ರುಮಟಾಲಜಿ ತಜ್ಞರ ಕಾಲೇಜು ತನ್ನ 2022ರ ಮಾರ್ಗಸೂಚಿಯಲ್ಲಿ ತರಕಾರಿ, ಬೇಳೆ, ಮೀನು, ಆಲಿವ್ ಎಣ್ಣೆಗಳಿರುವ ಮೆಡಿಟರೇನಿಯನ್ ಆಹಾರಕ್ರಮಕ್ಕೆ ಮಾತ್ರ, ಅದೂ ಷರತ್ತಿನೊಡನೆ, ಒಲವು ತೋರಿದೆ. ಉಳಿದ ಹೆಸರಾಂತ ಪಥ್ಯಗಳನ್ನು ಸೂಚಿಸಿಲ್ಲ. ನಾವು ತಿಳಿದುಕೊಂಡದ್ದಿಷ್ಟು: ಔಷಧಿಯ ಜೊತೆಗೆ ಪ್ರಯತ್ನಿಸಿ ನೋಡಬಹುದಾದ ದಾರಿ ಇದು. ಔಷಧಿಯ ಬದಲಿಗೆ ಇರುವ ದಾರಿಯಲ್ಲ.

ಈ ಕೊನೆಯ ವಾಕ್ಯವನ್ನು ನಾವು ಗಟ್ಟಿಯಾಗಿ ಹೇಳಬಯಸುತ್ತೇವೆ. ನಮ್ಮ ಮೊಬೈಲಿಗೆ ಬಂದ ಒಂದು ಧ್ವನಿಸಂದೇಶದಲ್ಲಿ, ಕರಿಜೀರಿಗೆ ಎಣ್ಣೆ ಮಾರುವವರೊಬ್ಬರು ಇಂಗ್ಲಿಷ್ ಮಾತ್ರೆಗಳನ್ನು ಬಿಟ್ಟು ಸುನ್ನತ್‌ನ ಮದ್ದಿಗೆ ಮರಳಿ ಎಂದು ಕರೆ ನೀಡುತ್ತಿದ್ದರು. ಅಲ್ಲಾಹನು ಇಳಿಸಿದ ಪ್ರತಿಯೊಂದು ರೋಗಕ್ಕೂ ಮದ್ದನ್ನು ಇಳಿಸಿದ್ದಾನೆ, ಚಿಕಿತ್ಸೆ ಪಡೆಯಿರಿ ಎಂದು ಬೋಧಿಸಿದ ಪ್ರವಾದಿ(ಸ)ರ ಹೆಸರಿನಲ್ಲಿಯೇ ಚಿಕಿತ್ಸೆಯನ್ನು ಬಿಡಿಸುವುದು ಎಂತಹ ಧೈರ್ಯ! ಕೀಲಿನೊಳಗಿನ ಮೂಳೆ ಒಮ್ಮೆ ಸವೆದರೆ ಅದು ಮರಳಿ ಬೆಳೆಯುವುದಿಲ್ಲ. ನೋವು ಕಡಿಮೆಯಾದ ಮಾತ್ರಕ್ಕೆ ಒಳಗಿನ ಉರಿಯೂತ ನಿಂತಿದೆಯೆಂದು ಹೇಳಲಾಗದು. ಅದನ್ನು ಹೇಳಬೇಕಾದವರು ರಕ್ತ ಪರೀಕ್ಷೆಯ ವರದಿಯನ್ನು ಕೈಯಲ್ಲಿ ಹಿಡಿದ ವೈದ್ಯರು. ಈ ಕಾಯಿಲೆಗೆ ಸಾಮಾನ್ಯವಾಗಿ ಕೊಡುವ ಮೆಥೋಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೆ ಒಂದೇ ದಿನ ನುಂಗಬೇಕು. ಅಕ್ಷರ ಬಾರದ ಎಷ್ಟೋ ಮಂದಿ ತಾಯಂದಿರು ನಮ್ಮಲ್ಲಿದ್ದಾರೆ. ಅದನ್ನು ಪ್ರತಿದಿನ ನುಂಗಿದರೆ ಪ್ರಾಣಕ್ಕೇ ಅಪಾಯ. ದಿನವನ್ನು ಗುರುತಿಟ್ಟು ಮಾತ್ರೆಯನ್ನು ಕೈಗೆ ಕೊಡುವುದು ಮಕ್ಕಳ ಕರ್ತವ್ಯ. ನಮ್ಮ ಮನೆಯಲ್ಲಿ ಅದು ಶುಕ್ರವಾರ, ಜುಮುಅದಿಂದ ಮರಳಿದ ಮೇಲೆ. ಇನ್ನು ಸಂಪೂರ್ಣ ಸಸ್ಯಾಹಾರದಲ್ಲಿ ಬಿ12 ಜೀವಸತ್ವ ಸಿಗುವುದಿಲ್ಲ. ವೈದ್ಯರು ಹೇಳಿದ ಪ್ರಮಾಣದಲ್ಲಿ ಮಾತ್ರೆಯಾಗಿಯೇ ತೆಗೆದುಕೊಳ್ಳಬೇಕು. ಗರ್ಭಿಣಿಯರೂ ಮಕ್ಕಳೂ ಇಂತಹ ಪಥ್ಯವನ್ನು ಮನೆಯವರ ಮಾತು ಕೇಳಿ ಆರಂಭಿಸಬಾರದು.

ಸುನ್ನತ್‌ನ ಆಹಾರವೆಂದ ಮಾತ್ರಕ್ಕೆ ಎಲ್ಲ ರೋಗಿಗಳಿಗೂ ಅದು ಹೊಂದುತ್ತದೆಂದೂ ತಿಳಿಯಬಾರದು. ದುಃಖಿತರ ಮನಸ್ಸಿಗೆ ಸಮಾಧಾನವೆಂದು ಆಯಿಶಾ(ರ) ವರದಿ ಮಾಡಿರುವ ತಲ್ಬೀನಾ, ಬಾರ್ಲಿ ಹಿಟ್ಟಿನ ಗಂಜಿ. ಆದರೆ ಸೀಲಿಯಾಕ್ ಎಂಬ ಇನ್ನೊಂದು ಸ್ವಯಂ ಪ್ರತಿರೋಧ ರೋಗವಿದೆ. ಗೋಧಿ, ಬಾರ್ಲಿಗಳ ಗ್ಲುಟೆನ್ ಒಳಹೋದರೆ ಆ ರೋಗಿಯ ಕರುಳು ಹಾಳಾಗುತ್ತದೆ, ಬಿಟ್ಟರೆ ಚೇತರಿಸಿಕೊಳ್ಳುತ್ತದೆ. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ರೊಟ್ಟಿಗೆ ಬರ ಬಂದಾಗ ಈ ಕಾಯಿಲೆಯ ಮಕ್ಕಳು ಸುಧಾರಿಸಿದ್ದನ್ನು ಅಲ್ಲಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಗಮನಿಸಿದ್ದರು. ಗೋಧಿಯ ಮೇಲೆ ಅವರಿಗೆ ಮೊದಲೇ ಇದ್ದ ಸಂದೇಹ ಅದರಿಂದ ಬಲಗೊಂಡಿತು. ಇಂತಹ ರೋಗಿಗೆ ತಲ್ಬೀನಾ ಕುಡಿಸುವುದು ಸುನ್ನತ್‌ನ ಗೌರವವಲ್ಲ. ಅಲಿ(ರ)ರಿಂದ ಖರ್ಜೂರವನ್ನು ದೂರವಿರಿಸಿದ್ದೂ ಸುನ್ನತ್ತೇ.

ಈಗ ಅಡುಗೆಮನೆಗೆ ಬರೋಣ. ಪಥ್ಯ ಆರಂಭವಾದ ಮೊದಲ ಮೂರು ವಾರ ನಮ್ಮ ಮನೆಯಲ್ಲಿ ನಡೆದದ್ದಿಷ್ಟು: ಊದಿದ ಬೆರಳುಗಳಲ್ಲಿ ಅವರು ನಮಗೂ ಮಕ್ಕಳಿಗೂ ಮೀನು ತೊಳೆದು ಸಾರು ಮಾಡಿದರು, ಮಾಂಸ ಬೇಯಿಸಿದರು. ಎಲ್ಲರ ಊಟವಾದ ಮೇಲೆ ತಮಗೆಂದು ಕುಚ್ಚಲಕ್ಕಿ ಗಂಜಿಗೆ ಒಂದಿಷ್ಟು ಹೆಸರುಬೇಳೆ ಹಾಕಿಕೊಂಡು ಕುಳಿತರು. ಪಥ್ಯವೆಂಬುದು ಅವರ ಪಾಲಿಗೆ ಎರಡನೆಯ ಒಲೆಯ ದುಡಿಮೆಯಾಯಿತು. ಪಥ್ಯ ಕಷ್ಟವಾಗಿಲ್ಲ, ಒಬ್ಬಳೇ ಉಣ್ಣುವುದು ಕಷ್ಟವಾಗಿದೆ ಎಂದು ಒಂದು ದಿನ ಅವರು ಹೇಳಿದಾಗ ನಮ್ಮ ಕೈಯಲ್ಲಿದ್ದ ತುತ್ತು ಹಾಗೆಯೇ ನಿಂತಿತು. ಮನೆಯಲ್ಲಿರುವಾಗ ಪ್ರವಾದಿ(ಸ)ರವರು ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರೆಂಬ ಹದೀಸನ್ನು ನಾವು ಎಷ್ಟು ಬಾರಿ ಮಕ್ಕಳಿಗೆ ಬಾಯಿಪಾಠ ಮಾಡಿಸಿಲ್ಲ!

ಆಮೇಲೆ ಬದಲಾಯಿಸಿದೆವು. ವಾರದ ನಾಲ್ಕು ದಿನ ಇಡೀ ಮನೆಗೆ ಒಂದೇ ಅಡುಗೆ: ಬಸಳೆ, ಹರಿವೆ, ತೊಂಡೆಕಾಯಿ, ಕುಂಬಳಕಾಯಿ, ಹುರುಳಿ, ಹೆಸರುಕಾಳು. ತೆಂಗಿನಕಾಯಿ ತುರಿಯುವುದು ದೊಡ್ಡ ಮಗನ ಪಾಲಿಗೆ, ಪಾತ್ರೆ ನಮ್ಮ ಪಾಲಿಗೆ. ಉಳಿದ ದಿನ ಮೀನು, ಮಾಂಸ ಬೇಕಾದವರು ತಾವೇ ಮಾಡಿಕೊಳ್ಳುವುದು. ಮಕ್ಕಳು ಮೊದಲ ವಾರ ಮುಖ ಸಿಂಡರಿಸಿದರು. ತಿಂಗಳುಗಟ್ಟಲೆ ಒಲೆ ಉರಿಯದೆ ಖರ್ಜೂರ ಮತ್ತು ನೀರಿನಲ್ಲೇ ದಿನ ಕಳೆದ ಪ್ರವಾದಿ ಕುಟುಂಬದ ಕಥೆಯನ್ನು ಮಿಂಬರಿನಿಂದ ಕೇಳಿ ಕಣ್ಣೊರೆಸಿಕೊಳ್ಳುವ ಸಮುದಾಯ ನಮ್ಮದು. ಆದರೆ ಮಾಂಸವಿಲ್ಲದ ಊಟವನ್ನು ಊಟವೆಂದು ಲೆಕ್ಕಿಸಲು ನಮ್ಮಿಂದ ಆಗುತ್ತಿಲ್ಲ.

ಮನೆಯ ಹೊರಗಿನ ಕಷ್ಟ ಇನ್ನೊಂದು ಬಗೆಯದು. ಮದುವೆಯೊಂದರಲ್ಲಿ ಹಿರಿಯ ಬಂಧುವೊಬ್ಬರು, “ಒಂದು ತುಂಡು ತಿಂದರೆ ಏನಾಗುತ್ತದೆ ಮಗಳೇ, ಬಿಸ್ಮಿ ಹೇಳಿ ತಿನ್ನು, ಶಿಫಾ ಕೊಡುವವನು ಅವನಲ್ಲವೇ?” ಎಂದು ಬಟ್ಟಲಿಗೆ ಬಿರಿಯಾನಿ ಬಡಿಸಿಯೇಬಿಟ್ಟರು. ಹಿರಿಯರ ಮಾತು ಮೀರಲಾಗದೆ ಅವರು ತಿಂದರು. ಮೂರನೆಯ ಮುಂಜಾನೆ ನಲ್ಲಿ ತಿರುಗಿಸಲು ಮತ್ತೆ ನಮ್ಮನ್ನು ಕರೆದರು. ಅದು ಬಿರಿಯಾನಿಯಿಂದಲೇ ಆದದ್ದೆಂದು ನಾವು ಹೇಳಲಾರೆವು. ಈ ಕಾಯಿಲೆ ತಾನಾಗಿಯೇ ಏರಿಳಿಯುತ್ತದೆ. ಆದರೆ ಹೊಸ ಆಹಾರಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದ ಆರು ವಾರಗಳ ಲೆಕ್ಕ ಒಂದು ಬಟ್ಟಲಿನಿಂದ ಕಲಸಿಹೋಯಿತು. ಯಾವುದರಿಂದ ಏನಾಯಿತೆಂದು ಇನ್ನು ತಿಳಿಯುವಂತಿರಲಿಲ್ಲ.

ಆ ಹಿರಿಯರಿಗೆ ನಾವು ಮೈಮೂನಾ(ರ)ರ ಮನೆಯ ಘಟನೆಯನ್ನು ಹೇಳಬೇಕಾಗಿತ್ತು. ಪ್ರವಾದಿ(ಸ)ರವರ ಮುಂದೆ ಸುಟ್ಟ ಉಡವನ್ನು ಇರಿಸಲಾಗಿತ್ತು. ಅವರು ಕೈ ಹಿಂತೆಗೆದರು. ಅದು ನಿಷಿದ್ಧವೇ ಎಂದು ಖಾಲಿದ್ ಬಿನ್ ವಲೀದ್(ರ) ಕೇಳಿದಾಗ, ಅಲ್ಲ, ನಮ್ಮ ನಾಡಿನಲ್ಲಿ ಇದಿಲ್ಲದ ಕಾರಣ ನನಗೆ ಮನಸ್ಸಾಗುತ್ತಿಲ್ಲ ಎಂಬ ಅರ್ಥದ ಉತ್ತರ ಬಂತು. ಖಾಲಿದ್ ತಮ್ಮೆಡೆಗೆ ಎಳೆದುಕೊಂಡು ತಿಂದರು, ಪ್ರವಾದಿವರ್ಯರು ನೋಡುತ್ತಿದ್ದರು. ಒಂದೇ ಸುಪ್ರದಲ್ಲಿ ಒಬ್ಬರು ತಿಂದರು, ಒಬ್ಬರು ಬಿಟ್ಟರು. ಯಾರೂ ಯಾರನ್ನೂ ಒತ್ತಾಯಿಸಲಿಲ್ಲ. ಇಷ್ಟವಿಲ್ಲವೆಂಬ ಕಾರಣವೇ ಅಲ್ಲಿ ಸಾಕಾಗಿರುವಾಗ, ಕಾಯಿಲೆಯೆಂಬ ಕಾರಣ ನಮ್ಮ ಮದುವೆ ಮನೆಗಳಲ್ಲಿ ಏಕೆ ಸಾಲದು?

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ನಮ್ಮ ನಾಡಿನಲ್ಲಿ ಮಾಂಸ ಈಗ ಬರೀ ಆಹಾರವಾಗಿ ಉಳಿದಿಲ್ಲ. ಪರಿಚಿತರೊಬ್ಬರು ಸುದ್ದಿ ಕೇಳಿ, ಕೊನೆಗೂ ಒಳ್ಳೆಯ ದಾರಿಗೆ ಬಂದಿರಿ ಎಂದು ಮೆಚ್ಚಿದರು. ನಮ್ಮವರೇ ಒಬ್ಬರು, ನೀವೂ ಅವರಂತೆಯೇ ಆದಿರಾ ಎಂದು ಚುಚ್ಚಿದರು. ಒಬ್ಬ ಸ್ತ್ರೀಯ ಕೀಲುನೋವಿನಲ್ಲಿ ತಮ್ಮ ಗೆಲುವು ಸೋಲುಗಳನ್ನು ಹುಡುಕಿದ ಈ ಇಬ್ಬರಿಗೂ ನಾವು ಕೊಟ್ಟ ಉತ್ತರ ಒಂದೇ: ವೈದ್ಯರ ಚೀಟಿ ನೋಡುತ್ತೀರಾ?

ಹಾಗೆಯೇ ಯಾಕೂಬ್(ಅ)ರ ಸಂತತಿಯವರ ತಪ್ಪು ನಮ್ಮಿಂದಲೂ ಆಗಬಾರದು. ತನಗೆ ಗುಣವಾಯಿತೆಂದು ನೆರೆಹೊರೆಯ ಥೈರಾಯ್ಡ್, ಸೋರಿಯಾಸಿಸ್, ಮಧುಮೇಹದವರಿಗೆಲ್ಲ ಅದೇ ಪಟ್ಟಿಯನ್ನು ಹಂಚುವ ಉತ್ಸಾಹಿಗಳು ಈಗ ಹೆಚ್ಚುತ್ತಿದ್ದಾರೆ. ನಮ್ಮ ಮನೆಯ ಪಟ್ಟಿಯನ್ನೂ ಮೂವರು ಕೇಳಿದರು. ಕೊಡಲಿಲ್ಲ, ವೈದ್ಯರ ವಿಳಾಸವನ್ನು ಕೊಟ್ಟೆವು. ಜಿಪುಣರೆಂಬ ಹೆಸರು ಬಂತು, ಬರಲಿ.

ಬಕ್ರೀದ್ ಹತ್ತಿರವಾಗುತ್ತಿದೆ. ಮಾಂಸ ತಿನ್ನದವರು ಕುರ್ಬಾನಿ ನೀಡಬಹುದೇ ಎಂದು ಮನೆಯವರು ಸಂಕೋಚದಿಂದ ಕೇಳಿದ್ದರು. ಧಾರಾಳವಾಗಿ ನೀಡಬಹುದು. ಬಲಿಯ ಮಾಂಸವಾಗಲಿ ರಕ್ತವಾಗಲಿ ಅಲ್ಲಾಹನನ್ನು ತಲುಪುವುದಿಲ್ಲ, ತಲುಪುವುದು ನಿಮ್ಮ ಭಯಭಕ್ತಿ ಎಂಬ ಆಶಯವನ್ನು ಸೂರಃ ಅಲ್‌ಹಜ್ಜ್ ತಿಳಿಸಿದೆ. ಐಚ್ಛಿಕ ಕುರ್ಬಾನಿಯಿಂದ ತಾನೂ ಸ್ವಲ್ಪ ತಿನ್ನುವುದನ್ನು ಬಹುತೇಕ ವಿದ್ವಾಂಸರು ಉತ್ತಮವೆಂದಿದ್ದಾರೆಯೇ ಹೊರತು ಕಡ್ಡಾಯವೆಂದಿಲ್ಲ. ಈ ಸಲ ಅವರ ಹೆಸರಿನಲ್ಲಿಯೇ ಒಂದು ಆಡು. ಅವರ ಪಾಲು ಬಡವರ ಮನೆಗಳಿಗೆ ಹೋಗುತ್ತದೆ.

ಮದುವೆ ಊಟದ ನಂತರ ಶೋಧವನ್ನು ಮೊದಲಿನಿಂದ ಆರಂಭಿಸಿದ್ದರು. ಈರುಳ್ಳಿ, ಟೊಮೇಟೊ, ಬಾಳೆಹಣ್ಣು ತೊಂದರೆಯಿಲ್ಲದೆ ಮರಳಿವೆ. ಗೋಧಿ ಎರಡು ಸಲವೂ ಒಗ್ಗಲಿಲ್ಲ. ಮಾತ್ರೆ ಮುಂದುವರಿಯುತ್ತಿದೆ. ಈಗ ಮುಂಜಾನೆಯ ಬಿಗಿತ ಅರ್ಧ ತಾಸಿನಲ್ಲಿ ಇಳಿಯುತ್ತದೆ. ಅದು ಮಾತ್ರೆಯ ಫಲವೋ, ಪಥ್ಯದ್ದೋ, ಎರಡರದ್ದೋ ಎಂದು ಬಿಡಿಸಿ ಹೇಳಲಾಗದು ಎನ್ನುತ್ತಾರೆ ವೈದ್ಯರು. ಹಾಲಿನ ಪರೀಕ್ಷೆ ಹಬ್ಬ ಕಳೆದ ಮೇಲೆ. ಮೀನನ್ನು ಯಾವಾಗ ತಿಂದು ನೋಡಬೇಕೆಂದು ಅವರಿನ್ನೂ ತೀರ್ಮಾನಿಸಿಲ್ಲ, ನಾವೂ ಕೇಳಿಲ್ಲ.